ಜಾಂಬೊವಾಂಗದವನಿಗೆ ಮನಿಲಾ ಅಂಟಿಸಿದ ನಾನು

ನಿಮಗೆ ಹೀಗಾಗಿದೆಯಾ ಹೇಳಿ. ಯಾರದೋ ಮನೆಯ ಬಾಗಿಲು ತಟ್ಟಿ ನಿಂತಿದ್ದೀರಿ. ಒಳಗಿನಿಂದ ಬಂದವರು ನಿಮ್ಮ ಹೆಸರು ಕೇಳುವುದಿಲ್ಲ, ಬಂದ ಕೆಲಸವನ್ನೂ ಕೇಳುವುದಿಲ್ಲ. ತಲೆಯಿಂದ ಕಾಲಿನ ತನಕ ಒಂದು ಸಲ ನೋಡಿ, “ಯಾವೂರಪ್ಪಾ ನಿಂದು?” ಅನ್ನುತ್ತಾರೆ.

ಆಗಿರಲೇಬೇಕು. ನಮ್ಮ ದಾವಣಗೆರೆ ಸೀಮೆಯಲ್ಲಿ ಇದು ಆಗದವರು ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ ಅಂತಲೇ ಅರ್ಥ. ನಮ್ಮಲ್ಲಿ ಹೆಸರಿಗೆ ಅಂಥಾ ಬೆಲೆ ಇಲ್ಲ. ಒಂದು ಬೀದಿಯಲ್ಲಿ ನಾಲ್ಕು ಜನ ಬಸವರಾಜ ಇರುತ್ತಾರೆ. ಊರು ಹೇಳಿದಿರೋ, ಎರಡೇ ನಿಮಿಷದಲ್ಲಿ ಅಲ್ಲಿನ ಕೆರೆ ಏರಿ, ಏರಿ ಪಕ್ಕದ ಮನೆ, ಆ ಮನೆಯಿಂದ ಹೆಣ್ಣು ತಂದ ಇನ್ನೊಂದು ಊರು, ಎಲ್ಲಾ ಬಿಚ್ಚಿಕೊಂಡು ಕೊನೆಗೆ ನೀವು ಅವರಿಗೆ ದೂರದ ಅಳಿಯನೋ ಸೊಸೆಯೋ ಆಗಿಬಿಟ್ಟಿರುತ್ತೀರಿ. ಚಹಾ ಬರುತ್ತದೆ. ಗುರುತಿನ ಚೀಟಿ, ನಡತೆ ಪ್ರಮಾಣಪತ್ರ, ಎಲ್ಲಾ ನಮಗೆ ಊರೇ.

ಇಷ್ಟು ಗೊತ್ತಿದ್ದೂ ನಾನು ಒಂದು ಘನಕಾರ್ಯ ಮಾಡಿದ್ದೇನೆ. ಒಬ್ಬ ಜೀವಂತ ಮನುಷ್ಯನ ಊರನ್ನು, ಅವನನ್ನು ಒಂದು ಮಾತೂ ಕೇಳದೆ, ಬದಲಾಯಿಸಿಬಿಟ್ಟಿದ್ದೇನೆ. ಇವತ್ತು ಅದನ್ನು ಹೇಳಿಬಿಡುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ತೊಂಬತ್ತರ ದಶಕದ ಕೊನೆ. ನನಗಾಗ ಇಪ್ಪತ್ತಮೂರು. ಹರಿಹರದ ಒಂದು ಕಾರ್ಖಾನೆಯಲ್ಲಿ ಟ್ರೈನಿ. ಟ್ರೈನಿ ಅಂದರೆ ಇಂಗ್ಲಿಷ್ ಮಾತಾಡಲು ಬರುವ ಆಳು ಅಂತ ತಿಳಿಯಿರಿ. ಆ ವರ್ಷ ಕಾರ್ಖಾನೆಗೆ ಹೊರದೇಶದಿಂದ ಒಂದು ಮಷೀನು ಬಂತು. ಅದನ್ನು ಕೂಡಿಸಿ ಓಡಿಸಿಕೊಡಲು ಮಷೀನಿನ ಕಂಪನಿಯವರು ಒಬ್ಬ ಮನುಷ್ಯನನ್ನೂ ಕಳಿಸಿದರು. ಹೆಸರು ರೋಡೆಲ್. ದೇಶ ಫಿಲಿಪ್ಪೀನ್ಸ್. ಕುಳ್ಳಗೆ, ಗಟ್ಟಿಮುಟ್ಟಾಗಿ, ಯಾವಾಗಲೂ ನಗುತ್ತಾ ಇದ್ದ. ನನಗಿಂತ ಹದಿನೈದು ವರ್ಷ ದೊಡ್ಡವನು. ಮೂರು ತಿಂಗಳ ಕೆಲಸ.

ಮೂರನೇ ವಾರಕ್ಕೇ ನಗು ನಿಂತಿತು. ಕಾರಣ ನಮ್ಮ ಮೆಣಸಿನಕಾಯಿ. ಹರಿಹರದ ಲಾಡ್ಜಿನಲ್ಲಿ ಇಳಿಸಿದ್ದೆವು, ಊಟ ಕೆಳಗಿನ ಹೋಟೆಲಿನಲ್ಲಿ. “ಖಾರ ಇಲ್ಲದ್ದು ಕೊಡ್ರಿ” ಅಂದರೆ ಅವರು ಖಾರ ಕಡಿಮೆ ಇರುವುದು ಕೊಡುತ್ತಿದ್ದರು, ಅವರ ಲೆಕ್ಕದಲ್ಲಿ ಕಡಿಮೆ. ರೋಡೆಲ್‌ನ ಹೊಟ್ಟೆ ಕೆಟ್ಟು, ಪ್ಯಾಂಟು ಸಡಿಲಾಗಿ, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ. ಅವನು ಕನ್ನಡದಲ್ಲಿ ಮೊದಲು ಕಲಿತದ್ದೇ ಮೂರು ಮಾತು: ಖಾರ, ಬ್ಯಾಡ, ಸಾಕು. ಅವನಿಗೆ ಬೇಕಿದ್ದದ್ದು ಒಂದು ಅಡುಗೆಮನೆ. ಬಿಳಿ ಅನ್ನ ತಾನೇ ಬೇಯಿಸಿಕೊಂಡು ತಿನ್ನುತ್ತೇನೆ, ಇಲ್ಲದಿದ್ದರೆ ಊರಿಗೆ ಹೋಗುತ್ತೇನೆ ಅಂದ. ಅರ್ಧಕ್ಕೆ ಬಿಟ್ಟು ಹೋದರೆ ಕಂಪನಿ ಮತ್ತೆ ತನ್ನನ್ನು ಎಲ್ಲಿಗೂ ಕಳಿಸುವುದಿಲ್ಲ, ಮನೆಯಲ್ಲಿ ಮೂರು ಮಕ್ಕಳಿವೆ, ಅಂತಲೂ ಅಂದ. ಅದನ್ನು ಹೇಳುವಾಗ ಅವನು ಕಿಟಕಿಯ ಕಡೆ ನೋಡುತ್ತಿದ್ದ.

ಮ್ಯಾನೇಜರ್ ನನ್ನನ್ನು ಕರೆದರು.

“ಲೇ ಪರಮೇಶಿ, ಸೋಮವಾರದೊಳಗೆ ಈ ಮನುಷ್ಯಾಗೆ ಅಡಿಗಿಮನಿ ಇರೋ ಮನಿ ಹುಡುಕು. ಇಲ್ಲಾಂದ್ರೆ ಆತ ಹೋಗ್ತಾನೆ, ಮಷೀನು ಪೆಟ್ಟಿಗ್ಯಾಗೆ ಕೂಡ್ತೈತೆ, ನೀನು ಊರಿಗೆ ಹೋಗಿ ಎಮ್ಮಿ ಕಾಯಿ.”

ಹೀಗೆ ದಿನಾ ಸಂಜೆ ಶಿಫ್ಟು ಮುಗಿಸಿ ನಾವಿಬ್ಬರೂ ಹರಿಹರದಲ್ಲಿ ಬಸ್ಸು ಹತ್ತಿ ದಾವಣಗೆರೆಗೆ ಮನೆ ಹುಡುಕಲು ಹೊರಟೆವು. ಮನೆ ಸಿಗಲಿಲ್ಲ. ಆದರೆ ಆ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಒಂದು ಇಡೀ ದೇಶ ಮಾರಾಯ್ರೆ!

ಶುರುವಾಗಿದ್ದು ಹೀಗೆ. ಬಸ್ಸು ನಿಂತ ಕಡೆಯೆಲ್ಲಾ ರೋಡೆಲ್ ಬೋರ್ಡು ನೋಡಿ “ಇದರ ಅರ್ಥ ಏನು?” ಅಂತ ಕೇಳುತ್ತಿದ್ದ. ಹರಿಹರ ಅಂದರೆ ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ ಅಂತ ಹೇಳಿದೆ. ಬಹಳ ಖುಷಿಪಟ್ಟ. ನಮ್ಮಲ್ಲೂ ಊರಿಗೆ ಅರ್ಥ ಇದೆ ಅಂತ ಡೈರಿ ತೆಗೆದು, ಅದರ ಕೊನೆಯಲ್ಲಿದ್ದ ನಕ್ಷೆ ಬಿಚ್ಚಿದ. ಯಾರೋ ಗಾಜಿನ ಲೋಟ ಒಡೆದು ಸಮುದ್ರಕ್ಕೆ ಚೆಲ್ಲಿದ ಹಾಗೆ ದ್ವೀಪಗಳು. ಒಂದೊಂದರ ಮೇಲೂ ಬೆರಳಿಟ್ಟು ಹೇಳತೊಡಗಿದ. ನಾನು ಪಾಕೆಟ್ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದೆ. ಪಕ್ಕದ ಸೀಟಿನವರು, ಇವನ್ಯಾರೋ ಪೊಲೀಸಿನವನು ವಿದೇಶಿಯ ಹೇಳಿಕೆ ಬರೆದುಕೊಳ್ಳುತ್ತಿದ್ದಾನೆ ಅಂದುಕೊಂಡಿರಬೇಕು, ಸ್ವಲ್ಪ ಸರಿದು ಕೂತರು.

ಸೆಬು ಅಂತ ಒಂದು ಊರು. ಹಳೆಯ ಹೆಸರು ಸುಗ್ಬು. ಹಾಗಂದರೆ ಮೊಣಕಾಲುದ್ದದ ನೀರಿನಲ್ಲಿ ನಡೆಯುವುದಂತೆ. ದಂಡೆಯ ಹತ್ತಿರ ಆಳ ಇಲ್ಲ, ಹಡಗು ಬರುವುದಿಲ್ಲ, ಬಂದವನು ದೊರೆಯಾದರೂ ಸರಿ ವ್ಯಾಪಾರಿಯಾದರೂ ಸರಿ, ಇಳಿದು ಪಂಚೆ ಎತ್ತಿಕೊಂಡು ನಡೆಯಬೇಕು. ಅದೇ ಊರಿನ ಹೆಸರಾಯಿತು! ಬೇಸಿಗೆಯಲ್ಲಿ ನಮ್ಮ ತುಂಗಭದ್ರೆಯನ್ನು ಹಾಗೆ ದಾಟಿದವರು ಎಷ್ಟು ಜನ ಇದ್ದೇವೆ? ನಮಗ್ಯಾರಿಗೂ ಹರಿಹರಕ್ಕೆ ‘ಪಂಚೆಯೆತ್ತು’ ಅಂತ ಹೆಸರಿಡಬೇಕು ಅಂತ ಹೊಳೆಯಲಿಲ್ಲ.

ಇಲೋಇಲೋ ಅಂತ ಇನ್ನೊಂದು. ನದಿಯ ಪಕ್ಕ ನೆಲ ಮೂಗಿನ ಹಾಗೆ ಚಾಚಿಕೊಂಡಿದೆಯಂತೆ, ಮೂಗಿನಂಥದ್ದು ಅಂತ ಹೆಸರು. ಬಾಗಿಯೋ ಅಂದರೆ ಪಾಚಿ. ಬಕೋಲೊಡ್ ಅಂದರೆ ಕಲ್ಲುಗುಡ್ಡ. ಪಂಗಾಸಿನಾನ್ ಅಂದರೆ ಉಪ್ಪು ಮಾಡುವ ಜಾಗ. ಆಂಟಿಪೋಲೋ ಒಂದು ಹಲಸಿನ ಜಾತಿಯ ಮರದಿಂದ ಬಂದದ್ದು. ತಗಾಲೋಗ್ ಅನ್ನುವ ಜನ ಇದ್ದಾರಲ್ಲ, ಹಾಗಂದರೆ ಹೊಳೆಯವರು ಅಷ್ಟೆ, ನಮ್ಮಲ್ಲಿ ‘ಹೊಳೆ ದಂಡಿಯೋರು’ ಅನ್ನುವುದಿಲ್ಲವೇ, ಹಾಗೆ.

ನನಗೆ ಹುಚ್ಚು ಹಿಡಿಸಿದ್ದು ತಗಾಯ್ತಾಯ್. ಅದಕ್ಕೊಂದು ಕತೆ. ಅಪ್ಪ ಮಗ ಕಾಡಿಗೆ ಹೋಗಿದ್ದಾರೆ. ಕಾಡುಹಂದಿ ಅಪ್ಪನ ಮೇಲೆ ನುಗ್ಗಿತು. ಮಗ ಕೂಗಿದ, “ತಗಾ, ಇತಾಯ್!” ಅಂದರೆ “ಕಡಿ, ಅಪ್ಪಾ!” ಆ ಕೂಗು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಊರಿನ ಹೆಸರಾಗಿ ಕೂತಿತಂತೆ. “ನಿಜವಾ?” ಅಂತ ಕೇಳಿದೆ. ರೋಡೆಲ್ ನಕ್ಕು, “ಇಲ್ಲ. ಬೆಟ್ಟದ ಏಣು ಅನ್ನುವುದಕ್ಕೇ ಅವರ ಭಾಷೆಯಲ್ಲಿ ಆ ಮಾತಿದೆ. ಆದರೆ ಏಣಿನ ಕತೆ ಹೇಳಿದರೆ ಮಕ್ಕಳು ನಿದ್ದೆ ಮಾಡುತ್ತವೆ” ಅಂದ. ಎಂಥಾ ಮಾತು ನೋಡಿ. ನಮ್ಮ ಸ್ಥಳಪುರಾಣಗಳೆಲ್ಲಾ ಹುಟ್ಟಿದ್ದು ಮಕ್ಕಳು ಎಚ್ಚರ ಇರಲಿ ಅಂತಲೇ ಇರಬೇಕು.

ಆಮೇಲೆ ಸ್ಪೇನಿನವರು ಬಂದರು. ಬಂದವರು ಸುಮ್ಮನಿರುತ್ತಾರೆಯೇ, ಊರೂರಿಗೆ ತಮ್ಮ ಸಂತರ ಹೆಸರಿಟ್ಟರು. ಸ್ಯಾನ್ ಹೋಸೆ, ಸ್ಯಾನ್ ಫರ್ನಾಂಡೊ ಒಂದಲ್ಲ ಎರಡಲ್ಲ, ನಮ್ಮ ತಾಲ್ಲೂಕಿಗೊಂದು ಹೊಸಹಳ್ಳಿ ಇದ್ದ ಹಾಗೆ. ಇಡೀ ದೇಶಕ್ಕೆ ತಮ್ಮ ರಾಜ ಫಿಲಿಪ್‌ನ ಹೆಸರಿಟ್ಟರು. ಆ ರಾಜ ಜನ್ಮದಲ್ಲಿ ಒಂದು ಸಲವೂ ಆ ಮಣ್ಣು ತುಳಿದವನಲ್ಲ. “ಆ ಹೆಸರು ನಮ್ಮ ಪಾಸ್‌ಪೋರ್ಟಿನಲ್ಲಿದೆ, ಅಜ್ಜಿಯ ಬಾಯಲ್ಲಿಲ್ಲ” ಅಂದ ರೋಡೆಲ್.

ಇಲ್ಲಿಯವರೆಗೆ ಎಲ್ಲಾ ಸರಿಯಿತ್ತು. ಕೆಟ್ಟದ್ದು ಮನಿಲಾದಲ್ಲಿ.

ಮನಿಲಾ ಮೂಲದಲ್ಲಿ ಮೇನಿಲಾ. ‘ಮೇ’ ಅಂದರೆ ‘ಇದೆ’. ‘ನಿಲಾ’ ಅಂದರೆ ನೀಲಿ ಬಣ್ಣ ತೆಗೆಯುವ ಗಿಡ. ಅಂದರೆ ನೀಲಿ ಗಿಡ ಇರುವ ಜಾಗ. ನಾನು ಸೀಟಿನಿಂದ ಎದ್ದೇಬಿಟ್ಟೆ. “ರೋಡೆಲ್, ಅದು ನಮ್ಮ ನೀಲ!” ಅಂತ ಕೂಗಿದೆ. ಕಂಡಕ್ಟರು ಸ್ಟಾಪು ಅಂದುಕೊಂಡು ವಿಸಿಲ್ ಹೊಡೆದ. ರೋಡೆಲ್ ಸಮಾಧಾನವಾಗಿ, “ಆ ಶಬ್ದ ನಿಮ್ಮ ಕಡೆಯಿಂದ ಬಂತು ಅಂತಲೂ ಹೇಳುತ್ತಾರೆ, ನದಿಯ ದಂಡೆಯ ಇನ್ನೊಂದು ಗಿಡದ ಹೆಸರು ಅಂತಲೂ ಹೇಳುತ್ತಾರೆ. ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಮನಿಲಾದವನಲ್ಲ, ಜಾಂಬೊವಾಂಗದವನು” ಅಂದ. ಕೊನೆಯ ವಾಕ್ಯ ಕಿವಿಗೆ ಬಿದ್ದರೂ ನಾನು ಆಗ ಲಕ್ಷ್ಯ ಕೊಡಲಿಲ್ಲ. ನಾವು ಹೀಗೇ ನೋಡಿ. ಹೊರದೇಶದಲ್ಲಿ ನಮ್ಮದೊಂದು ಶಬ್ದ ಸಿಕ್ಕರೆ ಸಾಕು, ಆ ದೇಶದ ಪಹಣಿಯೇ ನಮ್ಮ ಹೆಸರಿನಲ್ಲಿದೆ ಅನ್ನುವಷ್ಟು ಉಬ್ಬುತ್ತೇವೆ.

ಇತ್ತ ಮನೆಗಳ ಪಾಡು ಕೇಳಿ. ಮೊದಲನೇ ಮನೆಯ ಯಜಮಾನರು, “ಯಾವೂರು ಇವ್ರದ್ದು?” ಅಂದರು. ಫಿಲಿಪ್ಪೀನ್ಸ್ ಅಂದೆ. “ಯಾವ ತಾಲ್ಲೂಕು ಬರ್ತೈತೆ?” ಅಂದರು. ತಮಾಷೆಗಲ್ಲ. ಎರಡನೇ ಮನೆಯವರು, “ಆ ಊರಾಗೆ ನಮ್ಮೋರು ಯಾರದಾರೆ?” ಅಂದರು. ಯಾರೂ ಇಲ್ಲ ಅಂದೆ. “ಗುರ್ತಿಲ್ಲದ ಊರು, ಹೆಂಗೆ ಕೊಡಾದು? ಬ್ಯಾಡ ಬಿಡ್ರಿ” ಅಂತ ಬಾಗಿಲು ಹಾಕಿದರು. ಮೂರು, ನಾಲ್ಕು, ಐದನೇ ಮನೆಯಲ್ಲೂ ಇದೇ ರಾಗ. ಶನಿವಾರ ಆಯಿತು. ರೋಡೆಲ್ ಸೂಟ್‌ಕೇಸಿಗೆ ಬಟ್ಟೆ ಮಡಿಸಿಡತೊಡಗಿದ.

ಭಾನುವಾರ ಬೆಳಿಗ್ಗೆ ನಾನೊಬ್ಬನೇ ಎಸ್.ಎಸ್. ಬಡಾವಣೆಗೆ ಹೋದೆ. ಅಲ್ಲಿ ಹಾಲಮ್ಮ ಅನ್ನುವವರ ಮನೆಯ ಮಹಡಿ ಖಾಲಿ ಇದೆ ಅಂತ ಸುದ್ದಿ. ಅರವತ್ತರ ಹತ್ತಿರದ ಹೆಂಗಸು, ಹಣೆ ತುಂಬಾ ವಿಭೂತಿ, ದನಿ ಕೇಳಿದರೆ ಬೀದಿ ಕೊನೆಯ ನಾಯಿ ಎದ್ದು ಕೂರಬೇಕು. ಗಂಡ ಬೆಲ್ಲದ ವ್ಯಾಪಾರಿ. ಅವರನ್ನು ಕೇಳಿದರೆ, “ಅಕೀನ್ನ ಕೇಳಪ್ಪಾ” ಅಂತ ಪೇಪರಿನ ಹಿಂದೆ ಅಡಗಿದರು.

ಹಾಲಮ್ಮನವರು ಮೊದಲು ನನ್ನ ಊರು ಕೇಳಿದರು. ಬಾತಿ ಅಂದೆ. “ಓ, ಬಾತಿಯೋನೇನು? ನಮ್ಮ ತೌರುಮನಿ ದಾರೀನೇ ಅದು. ಬಾ, ಕೂಡು” ಅಂದರು. ಬಾತಿ ನನಗೆ ಚಹಾ ಕೊಡಿಸಿತು. ಆಮೇಲೆ ಬಂತು ಆ ಪ್ರಶ್ನೆ.

“ಬಾಡಿಗಿಗೆ ಬರೋರು ಯಾವೂರು?”

ಜಾಂಬೊವಾಂಗ ಅನ್ನಬೇಕು. ಬಾಯಿಯವರೆಗೆ ಬಂತು. ಆದರೆ ಆ ಶಬ್ದವನ್ನು ಕೇಳಿ ಈ ಮನೆಯೂ ಬಾಗಿಲು ಹಾಕಿದರೆ? ನನ್ನ ನಾಲಿಗೆ ತಾನೇ ಹೊರಳಿತು.

“ಮನಿಲಾ ಅಂತ ರೀ ಅಮ್ಮಾ. ನಮ್ಮ ಶಬ್ದಾನೇ. ನೀಲ ಅಂದ್ರೆ ನೀಲಕಂಠ. ಹಳೇ ಕಾಲದಾಗೆ ನಮ್ಮ ಕಡಿಯೋರೇ ಹೋಗಿ ಇಟ್ಟ ಹೆಸರು.”

ನೀಲಿ ಗಿಡದಿಂದ ನೀಲಕಂಠನಿಗೆ ಒಂದೇ ಜಿಗಿತ! ಹಾಲಮ್ಮನವರ ಕಣ್ಣು ಅಗಲವಾಯಿತು. “ಶಿವನೂರೇನು? ಅಷ್ಟು ದೂರದಾಗೆ? ಹಂಗಿದ್ರೆ ಕೊಡಾಕೇನು ಅಡ್ಡಿ? ಆದ್ರೆ ನಮ್ಮನಿ ಪದ್ಧತಿ ಐತಪ್ಪಾ, ಕೀಲಿ ಕೊಡಾಕೆ ಮುಂಚೆ ಬಾಡಿಗಿಯೋರು ನಮ್ಮನ್ಯಾಗೆ ಉಂಡು ಹೋಗ್ಬೇಕು. ಮನುಷ್ಯ ಹೆಂಗದಾನ ಅಂತ ಉಣ್ಣೋದ್ರಾಗೆ ತಿಳಿತೈತೆ. ನಾಳೆ ಮಧ್ಯಾಹ್ನ ಕರ್ಕಂಡು ಬಾ.”

ಸೋಮವಾರ ಹೋದೆವು. ಹಾಲಮ್ಮನವರು ಸುಮ್ಮನಿದ್ದಿರಲಿಲ್ಲ. ನೀಲಕಂಠನೂರಿನವರನ್ನು ನೋಡಲು ಪಕ್ಕದ ಮನೆಯ ಮೂವರು ಹೆಂಗಸರು ಆಗಲೇ ಬಂದು ಗೋಡೆಗೆ ಒರಗಿದ್ದರು. ತಟ್ಟೆಯಲ್ಲಿ ಅರಿಶಿನ ಕುಂಕುಮ, ಅದರ ನಡುವೆ ಮಹಡಿಯ ಕೀಲಿ. ನೆಲದ ಮೇಲೆ ಎಲೆ. ಖಾರವಿಲ್ಲದ ಹೆಸರುಕಾಳಿನ ಪಲ್ಯ, ರೊಟ್ಟಿ, ಬಿಳಿ ಅನ್ನ, ಗಟ್ಟಿ ಮೊಸರು. ಅನ್ನ ನೋಡಿದ ರೋಡೆಲ್‌ನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. ಎಲೆಯ ಮುಂದೆ ಕೂತ. ಕಣ್ಣು ಮುಚ್ಚಿದ. ಬಲಗೈಯಿಂದ ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಂಡ.

“ಹಾಲಮ್ಮಾ,” ಗೋಡೆಗೆ ಒರಗಿದ್ದವರಲ್ಲಿ ಒಬ್ಬರು ಅಂದರು, “ಇದು ಯಾವ ಮಠದ ಪದ್ಧತಿನೇ?”

“ಅದು... ಅವ್ರ ಕಡಿ ವಿಭೂತಿ ಹಚ್ಕೊಳ್ಳೋದು ಹಂಗೇ ರೀ” ಅಂದೆ ನಾನು. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಪುಕ್ಕಟೆ ಬರುತ್ತದೆ.

ಹಾಲಮ್ಮನವರು ನನ್ನ ಕಡೆ ಒಂದು ನೋಟ ನೋಡಿ, ರೋಡೆಲ್‌ಗೆ, “ಉಣ್ರಿ, ಮನಿಲಾದ ಸಾಹೇಬ್ರೇ” ಅಂದರು.

ರೋಡೆಲ್ ತಲೆಯೆತ್ತಿದ. ಆ ವಾಕ್ಯದಲ್ಲಿ ಅವನಿಗೆ ಅರ್ಥವಾದದ್ದು ಒಂದೇ ಶಬ್ದ. ತನ್ನ ಎದೆಗೆ ಬೆರಳಿಟ್ಟುಕೊಂಡು, ಬಹಳ ಗಂಭೀರವಾಗಿ, ತನಗೆ ಬರುವ ಕನ್ನಡದಲ್ಲಿ ಹೇಳಿದ:

“ಮನಿಲಾ ಬ್ಯಾಡ. ಜಾಂಬೊವಾಂಗ.”

ಗೋಡೆಗೆ ಒರಗಿದ್ದವರು ನೆಟ್ಟಗಾದರು. ಪೇಪರಿನ ಹಿಂದಿದ್ದ ಗಂಡ ಕೂಡ ಪೇಪರು ಇಳಿಸಿದರು.

“ಪರಮೇಶಿ, ಏನಂತಾರ ಇವ್ರು?”

ಹೇಳಿದೆ. ಎಲ್ಲಾ ಹೇಳಿದೆ. ಬಸ್ಸಿನಲ್ಲಿ ಊರೂರಿನ ಅರ್ಥ ಬರೆದುಕೊಳ್ಳುತ್ತಾ ಹುಟ್ಟಿಸಿದ ನೀಲಕಂಠ ನನ್ನ ಕೈವಾಡ, ಇವರು ಯೇಸುವಿನ ಭಕ್ತರು, ಊರು ಮನಿಲಾ ಅಲ್ಲವೇ ಅಲ್ಲ, ಮನಿಲಾಕ್ಕೂ ಇವರ ಊರಿಗೂ ನಡುವೆ ಸಮುದ್ರವೇ ಇದೆ ಅಂತ. ಹಾಲಮ್ಮನವರು ತಟ್ಟೆಯಿಂದ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಯೇಸು ಆದ್ರೇನು, ಶಿವ ಆದ್ರೇನು? ಅದನ್ನ ನಾ ಕೇಳಿದ್ನೇನು ನಿನ್ನ? ನಾ ಕೇಳಿದ್ದು ಊರು. ಮನುಷ್ಯಾಗೆ ಇರಾದೇ ಒಂದು ಊರು. ಅದನ್ನೇ ಕದ್ದೇನೋ, ಕಳ್ ನನ್ಮಗನೇ?”

ರೋಡೆಲ್ ಏನಾಯಿತು ಅಂತ ಕೇಳಿದ. ಇಂಗ್ಲಿಷಿನಲ್ಲಿ ಅವನಿಗೂ ಒಪ್ಪಿಸಿದೆ. ಅವನು ಕೂಗಾಡಲಿಲ್ಲ. “ನಾನು ನಿನ್ನನ್ನು ಬೆಂಗಳೂರಿನವನು ಅಂತ ಪರಿಚಯ ಮಾಡಿಸಿದರೆ?” ಅಂದ, ಅಷ್ಟೆ. ನನಗೆ ಮೈ ಉರಿದುಹೋಯಿತು. ಅವನ ಮಾತಿಗಲ್ಲ, ಆ ಮಾತು ನಿಜವಾದ್ದಕ್ಕೆ. ದೊಡ್ಡ ಊರೊಂದು ಪಕ್ಕದಲ್ಲಿದ್ದರೆ ಉಳಿದವರೆಲ್ಲಾ ಅದರ ಬಾಲ ಅಂತ ತಿಳಿಯುವವರನ್ನು ಕಂಡರೆ ನಮಗೆ ಹೇಗಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅವನು ಊಟಕ್ಕೆ ಕೈ ಹಚ್ಚದೆ ಎದ್ದ. ಲಾಡ್ಜಿನಲ್ಲಿ ಸೂಟ್‌ಕೇಸು ಕಟ್ಟಿಟ್ಟೇ ಬಂದಿದ್ದ.

“ಕೂಡ್ರಿ” ಅಂದರು ಹಾಲಮ್ಮನವರು. ಆ ದನಿಗೆ ಭಾಷೆ ಬೇಕಿರಲಿಲ್ಲ, ಅವನು ಕೂತ. “ಉಣ್ಣದೆ ಯಾರೂ ನಮ್ಮನಿಯಿಂದ ಎದ್ದು ಹೋಗಿಲ್ಲ. ಮೊದ್ಲು ಉಣ್ರಿ. ಆಮ್ಯಾಲೆ ನಿಮ್ಮೂರು ಯಾವುದು, ಅದಕ್ಕೆ ಆ ಹೆಸರು ಯಾಕ ಬಂತು, ನೀವೇ ಹೇಳ್ರಿ. ಪರಮೇಶಿ, ನೀನು ಬಾಯಿ ಹಾಕಿದ್ರೆ ನೋಡು.”

ಇದನ್ನು ಮಾತ್ರ ಅನುವಾದ ಮಾಡಿಕೊಟ್ಟು ಬಾಯಿ ಮುಚ್ಚಿದೆ.

ರೋಡೆಲ್ ಮೂರು ಸಲ ಅನ್ನ ಹಾಕಿಸಿಕೊಂಡು ಉಂಡ. ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಹಿತ್ತಲಿನಲ್ಲಿ ಒಂದು ಹಸು, ಅದನ್ನು ಕಟ್ಟಿದ ಗೂಟ, ಪಕ್ಕದಲ್ಲಿ ಸಿಮೆಂಟಿನ ನೀರಿನ ತೊಟ್ಟಿ. “ಅಮ್ಮಾ!” ಅಂತ ಕರೆದ. ಹಾಲಮ್ಮ, ಮೂವರು ಹೆಂಗಸರು, ಪೇಪರಿನವರು, ಎಲ್ಲರೂ ಹೋದೆವು. ಅವನು ಒಂದು ಸ್ಟೀಲಿನ ಬೋಗುಣಿಯನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟ. ಎರಡು ಕೈಯಲ್ಲೂ ಹುಟ್ಟು ಹಾಕುವ ಹಾಗೆ ಮಾಡಿ ಅದನ್ನು ದಂಡೆಗೆ ತಂದ. ಬಟ್ಟೆ ಒಣಹಾಕುವ ದಾರದ ಒಂದು ತುಂಡು ತೆಗೆದುಕೊಂಡು, ಒಂದು ತುದಿಯನ್ನು ಬೋಗುಣಿಯ ಕಿವಿಗೆ ಕಟ್ಟಿದ. ಇನ್ನೊಂದು ತುದಿಯನ್ನು ಹಸುವಿನ ಗೂಟಕ್ಕೆ ಬಿಗಿದ. ಗೂಟವನ್ನು ಅಂಗೈಯಿಂದ ತಟ್ಟಿ ಹೇಳಿದ:

“ಸಾಂಬೊವಾಂಗನ್. ಜಾಂಬೊವಾಂಗ.”

ದೋಣಿ ಕಟ್ಟುವ ಗೂಟಗಳಿರುವ ಜಾಗ. ಅವನ ಅಜ್ಜ ದೋಣಿ ನಡೆಸುತ್ತಿದ್ದವನಂತೆ. ಊರಿನ ಶೋಕಿಯ ಜನ ಆ ಹೆಸರು ಹೂವಿನಿಂದ ಬಂತು ಅನ್ನುತ್ತಾರೆ, ಅಜ್ಜ ಮಾತ್ರ ಗೂಟ ಅನ್ನುತ್ತಿದ್ದ ಅಂತ ಆಮೇಲೆ ನನಗೆ ಹೇಳಿದ.

ಹಾಲಮ್ಮನವರಿಗೆ ನನ್ನ ಅನುವಾದ ಬೇಕಾಗಲಿಲ್ಲ.

“ದೋಣಿ ಕಟ್ಟೋ ಗೂಟ! ಅಯ್ಯೋ ಶಿವನೇ, ನಮ್ಮೂರೂ ಹಂಗೇ ಅಲ್ಲೇನಪ್ಪಾ? ಕೆರೆ ದಂಡಿಗೆ ಉದ್ದಾನುದ್ದ ದಾವಣಿ ಹಗ್ಗ ಹಾಕಿ ಕುದುರಿ ಕಟ್ತಿದ್ರಂತೆ. ದಾವಣಿ ಕಟ್ಟೋ ಕೆರೆ, ದಾವಣಗೆರೆ. ನೀವು ದೋಣಿ ಕಟ್ಟೋರು, ನಾವು ಕುದುರಿ ಕಟ್ಟೋರು. ಇದನ್ನ ಹೇಳಾಕೆ ಈ ಮಂಗ್ಯಾಗೆ ಶಿವ ಬೇಕಿತ್ತೇನು?”

ದಾವಣಗೆರೆಯ ಹೆಸರಿಗೆ ಬೇರೆ ಕತೆಗಳೂ ಇವೆ, ತಿಳಿದವರು ಜಗಳಕ್ಕೆ ಬರಬೇಡಿ. ಆ ಹಿತ್ತಲಿನಲ್ಲಿ ಆವತ್ತು ಗೆದ್ದದ್ದು ದಾವಣಿಯೇ. ನೋಡಿ, ನಾನು ಒಂದು ವಾರ ಬಸ್ಸಿನಲ್ಲಿ ಕೂತು ಎರಡು ದೇಶಗಳನ್ನು ಸಂಸ್ಕೃತದಿಂದ ಹೊಲಿಯಲು ಒದ್ದಾಡಿದೆ. ಅವರಿಬ್ಬರಿಗೆ ಸಾಕಾದದ್ದು ಒಂದು ತುಂಡು ದಾರ. ರಾಜರು ಇಟ್ಟ ಹೆಸರಿಗೆ ಆಜ್ಞೆ ಬೇಕು, ದಂಡು ಬೇಕು. ನಡೆದವರು, ಕಟ್ಟಿದವರು, ಉಪ್ಪು ಬೇಯಿಸಿದವರು ಇಟ್ಟ ಹೆಸರು ಕೈಸನ್ನೆಯಲ್ಲೇ ತಿಳಿಯುತ್ತದೆ.

ಸೊಂಟದಿಂದ ಕೀಲಿ ಹೊರಬಂತು. “ಮೀನು ಹೊರಗೆ ತಿಂದು ಬರ್ರಿ, ಒಳಗೆ ತರಬ್ಯಾಡ್ರಿ. ನಿಮ್ಮ ದೇವರಿಗೆ ನೀವು ಕೈ ಮುಗೀರಿ, ನಾವೇನೂ ಅನ್ನಲ್ಲ” ಅಂದರು. ಕೀಲಿ ಕೊಡುವಾಗ ಹೆಸರು ಹಿಡಿದು ಕರೆಯಲಿಲ್ಲ. “ತಗಳ್ರಿ, ಜಾಂಬೊವಾಂಗದೋರೇ” ಅಂದರು. ರೋಡೆಲ್‌ನ ಕಣ್ಣು ತುಂಬಿತು. ಹೊರದೇಶದಲ್ಲಿ ಯಾರಾದರೂ ನಿಮ್ಮ ಊರಿನ ಹೆಸರನ್ನು ಸರಿಯಾಗಿ ಅಂದರೆ ಏನಾಗುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅವನು ಕೆಲಸ ಮುಗಿಯುವ ತನಕ ಆ ಮಹಡಿಯಲ್ಲೇ ಇದ್ದ. ಮಷೀನು ಓಡಿತು. ನನಗೂ ಕೆಲಸ ಖಾಯಂ ಆಯಿತು.

ಆದರೆ ಆ ಮಧ್ಯಾಹ್ನ ಬಾಗಿಲು ದಾಟುವಾಗ ಹಾಲಮ್ಮನವರು ನನ್ನನ್ನು ಸುಮ್ಮನೆ ಬಿಟ್ಟರೇ? “ಏ ಪರಮೇಶಿ, ನಿಲ್ಲು. ಊರೂರಿನ ಅರ್ಥ ಬರ್ಕಂಡು ಅಡ್ಡಾಡ್ತೀಯಲ್ಲ, ಬಾತಿ ಅಂದ್ರೆ ಏನೋ?”

ಪಾಕೆಟ್ ಪುಸ್ತಕದಲ್ಲಿ ಸೆಬು ಇತ್ತು, ಇಲೋಇಲೋ ಇತ್ತು, ಪಂಗಾಸಿನಾನ್ ಇತ್ತು. ಬಾತಿ ಇರಲಿಲ್ಲ. ಇಪ್ಪತ್ತಮೂರು ವರ್ಷ ಆ ಊರಿನ ನೀರು ಕುಡಿದು ಒಂದು ದಿನ ಯಾರನ್ನೂ ಕೇಳಿರಲಿಲ್ಲ. ಆಮೇಲೆ ಕೇಳಿದೆ. ನಾಲ್ಕು ಜನ ಹಿರಿಯರು ನಾಲ್ಕು ಕತೆ ಹೇಳಿದರು, ನಾಲ್ವರೂ ಉಳಿದ ಮೂವರನ್ನು ಸುಳ್ಳರು ಅಂದರು. ಇಷ್ಟು ವರ್ಷದ ಮೇಲೂ ನನಗೆ ತೀರ್ಮಾನವಾಗಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಊರಿಗೆ ಆ ಹೆಸರು ಯಾಕೆ ಬಂತು? ಮರದಿಂದಲೋ, ಗೂಟದಿಂದಲೋ, ಹಂದಿ ಅಟ್ಟಿಸಿಕೊಂಡು ಬಂದದ್ದರಿಂದಲೋ? ಗೊತ್ತಿದ್ದರೆ ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಇವತ್ತೇ ಮನೆಯ ಹಿರಿಯರಿಗೆ ಫೋನು ಮಾಡಿ ಕೇಳಿ ಬರೆಯಿರಿ, ಅವರ ಮಾತಿನಲ್ಲೇ ಬರೆಯಿರಿ, ನಡುವೆ ನೀವು ಬಾಯಿ ಹಾಕಬೇಡಿ. ಬಾತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಐದನೇ ಕತೆ ತರಬೇಡಿ. ತಂದರೂ, ಹೋಗಲಿ, ಬರೆಯಿರಿ.